ಸರ್ವರ್ ಕೊಳ್ಳುವ ಮುಂಚೆ ಬಿಟ್ಟು ಬರುವ ದಾರಿ ನೋಡಿ: ಟೆಂಡರ್ ಬರೆಯುವವರಿಗೊಂದು ಬಹಿರಂಗ ಪತ್ರ

ಕರ್ನಾಟಕದ ಇ-ಆಡಳಿತ ಇಲಾಖೆಯ ಅಧಿಕಾರಿಗಳಿಗೆ, ಹಾಗೂ ನಿಗಮ, ಮಂಡಳಿ, ವಿಶ್ವವಿದ್ಯಾಲಯಗಳಲ್ಲಿ ಸರ್ವರ್ ಟೆಂಡರ್ ಬರೆಯುವ ಎಲ್ಲರಿಗೂ,

ಮಾನ್ಯರೇ,

ಕಚೇರಿಗಳ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಹಾಗಾಗಿ ಸರ್ವರ್ ಖರೀದಿಯ ಟೆಂಡರ್‌ಗಳನ್ನು ಓದುವ ಅಭ್ಯಾಸವೂ ಇದೆ. ಅವುಗಳ ತಾಂತ್ರಿಕ ಪಟ್ಟಿಯಲ್ಲಿ ಒಂದು ಸಾಲು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ಆಪರೇಟಿಂಗ್ ಸಿಸ್ಟಮ್ ಮುಕ್ತ ಮಾನದಂಡಗಳನ್ನು ಬೆಂಬಲಿಸಬೇಕು. (ಮುಕ್ತ ಮಾನದಂಡ ಅಂದರೆ ಯಾವ ಕಂಪನಿಯವರು ಬೇಕಾದರೂ ಓದಿ ಬಳಸಬಹುದಾದ ತಾಂತ್ರಿಕ ನಿಯಮ.) ಪಕ್ಕದ ಕಾಲಂನಲ್ಲಿ ಬಿಡ್ ಹಾಕುವವರು ‘ಹೌದು’ ಅಂತ ಬರೆಯುತ್ತಾರೆ. ಎಲ್ಲರೂ ಹೌದು ಅಂತಲೇ ಬರೆಯುತ್ತಾರೆ. ‘ಇಲ್ಲ’ ಅಂತ ಬರೆದವರನ್ನು ನಾನಂತೂ ಕಂಡಿಲ್ಲ. ಎಲ್ಲರೂ ಪಾಸಾಗುವ ಪರೀಕ್ಷೆ ಇಟ್ಟು ಏನು ಪ್ರಯೋಜನ, ಅಲ್ವಾ?

ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿರುವ ಆ ಸಾಲನ್ನು ದಯವಿಟ್ಟು ತೆಗೆದುಹಾಕಿ. ಅದರ ಜಾಗದಲ್ಲಿ ಮಾಡಿ ತೋರಿಸಬೇಕಾದ ಕೆಲಸವನ್ನು ಬರೆಯಿರಿ. ಇವತ್ತು ಕೊಳ್ಳುವ ಸರ್ವರ್‌ನಲ್ಲಿರುವ ನಮ್ಮ ಬಳಕೆದಾರರು, ಅವರ ಪಾಸ್‌ವರ್ಡ್, ಕಡತ, ಮೇಲ್ ಎಲ್ಲವನ್ನೂ ಬೇರೆಯವರ ಸರ್ವರ್‌ಗೆ ಸಾಗಿಸಿ, ಅಲ್ಲಿ ಕೆಲಸ ನಡೆಯುತ್ತದೆ ಅಂತ ತೋರಿಸಬೇಕು. ಅದೂ ಹಣ ಕೊಡುವ ಮುಂಚೆ. ನಾನು ಕೇಳುತ್ತಿರುವುದು ಇಷ್ಟೇ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸರ್ವರ್ ಆಪರೇಟಿಂಗ್ ಸಿಸ್ಟಮ್ ಒಂದರಲ್ಲಿ ಹಲವು ಸೇವೆಗಳಿರುತ್ತವೆ. ಬೆಳಿಗ್ಗೆ ಕಚೇರಿಯಲ್ಲಿ ಒಬ್ಬರು ಕಂಪ್ಯೂಟರ್ ಆನ್ ಮಾಡಿದರು ಅನ್ನಿ. ಅದಕ್ಕೊಂದು ಐಪಿ ವಿಳಾಸ ಕೊಡುವುದು ಡಿಎಚ್‌ಸಿಪಿ. ಬೇರೆ ಸರ್ವರ್‌ಗಳು ಎಲ್ಲಿವೆ ಅಂತ ಹೇಳುವುದು ಡಿಎನ್‌ಎಸ್. ಗಡಿಯಾರ ಸರಿ ಮಾಡುವುದು ಎನ್‌ಟಿಪಿ. ಪಾಸ್‌ವರ್ಡ್ ನೋಡಿ ಒಳಗೆ ಬಿಡುವುದು ಕರ್ಬರೋಸ್. ಇವರು ಯಾವ ಶಾಖೆಯವರು, ಯಾವ ಗುಂಪಿಗೆ ಸೇರಿದವರು ಅಂತ ಡೈರೆಕ್ಟರಿಯಲ್ಲಿ (ಬಳಕೆದಾರರ ಪಟ್ಟಿಯಲ್ಲಿ) ಹುಡುಕಲು ಎಲ್‌ಡ್ಯಾಪ್. ಹಂಚಿಕೊಂಡ ಫೋಲ್ಡರ್ ತೆರೆಯಲು ಎಸ್‌ಎಂಬಿ, ಯೂನಿಕ್ಸ್, ಲಿನಕ್ಸ್ ಥರದ ಆಪರೇಟಿಂಗ್ ಸಿಸ್ಟಮ್ ಆದರೆ ಎನ್‌ಎಫ್‌ಎಸ್. ಪ್ರಿಂಟ್ ಹೊಡೆಯಲು ಐಪಿಪಿ. ಮೇಲ್‌ಗೆ ಎಸ್‌ಎಂಟಿಪಿ ಮತ್ತು ಐಮ್ಯಾಪ್.

ಮೊದಲ ಮೂರರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಡಿಎನ್‌ಎಸ್ ಅನ್ನು ಪೌಲ್ ಮೊಕಾಪೆಟ್ರಿಸ್ 1983ರಲ್ಲಿ ರೂಪಿಸಿದರು. ಇವತ್ತು ಯಾವ ಕಂಪನಿಯ ಡಿಎನ್‌ಎಸ್ ಸರ್ವರ್ ಹಾಕಿದರೂ ಪಕ್ಕದ ಕಂಪ್ಯೂಟರ್‌ಗೆ ಅದು ಗೊತ್ತೂ ಆಗುವುದಿಲ್ಲ. ಗಡಿಯಾರದ ವಿಷಯದಲ್ಲಿ 2022ರ ಏಪ್ರಿಲ್‌ನಲ್ಲಿ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನವೇ ಇದೆ: ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಕೊಂಡಿರಬೇಕು. ಅಂದಹಾಗೆ ಗಡಿಯಾರ ಐದು ನಿಮಿಷಕ್ಕಿಂತ ಜಾಸ್ತಿ ಆಚೀಚೆ ಆದರೆ ಕರ್ಬರೋಸ್ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ‘ಪಾಸ್‌ವರ್ಡ್ ಸರಿಯಾಗೇ ಹಾಕ್ತಿದ್ದೀನಿ ಸಾರ್, ತಗೊಳ್ತಿಲ್ಲ’ ಅಂತ ಬರುವ ಕೆಲವು ಫೋನ್‌ಗಳ ಹಿಂದೆ ಇರುವುದು ಇದೇ.

ತಂಟೆ ಇರುವುದು ಲಾಗಿನ್ ಮತ್ತು ಕಡತಗಳ ಸೇವೆಯಲ್ಲಿ. ‘ಬೆಂಬಲಿಸುತ್ತದೆ’ ಅನ್ನುವ ಮಾತು ಪೂರ್ತಿ ನಿಜವಾಗಿದ್ದೂ ಕೆಲಸಕ್ಕೆ ಬಾರದೇ ಹೋಗಬಹುದು. ಅದನ್ನು ಕರ್ಬರೋಸ್‌ನ ಕಥೆಯಷ್ಟು ಚೆನ್ನಾಗಿ ತೋರಿಸುವುದು ಇನ್ನೊಂದಿಲ್ಲ.

ಕರ್ಬರೋಸ್ ಹುಟ್ಟಿದ್ದು ಅಮೆರಿಕದ ಎಂಐಟಿಯಲ್ಲಿ, 1980ರ ದಶಕದ ಅಥೀನಾ ಯೋಜನೆಯಲ್ಲಿ. 1993ರಲ್ಲಿ ಅದರ ಐದನೇ ಆವೃತ್ತಿ ಆರ್‌ಎಫ್‌ಸಿ 1510 ಆಗಿ ಪ್ರಕಟವಾಯಿತು. ಆರ್‌ಎಫ್‌ಸಿ ಅಂದರೆ ಇಂಟರ್ನೆಟ್ ಮಾನದಂಡಗಳನ್ನು ಸಂಖ್ಯೆ ಹಾಕಿ ಪ್ರಕಟಿಸುವ ದಾಖಲೆ. ಲಾಗಿನ್ ಆದವರಿಗೆ ಅದು ಒಂದು ಟಿಕೆಟ್ ಕೊಡುತ್ತದೆ. ಆ ಟಿಕೆಟ್‌ನಲ್ಲಿ ಅನುಮತಿಯ ವಿವರ ಬರೆದುಕೊಳ್ಳಲು ಒಂದು ಜಾಗವನ್ನು ಮಾನದಂಡ ಬರೆದವರು ಖಾಲಿ ಬಿಟ್ಟಿದ್ದರು. ಬೇಕಾದವರು ಬೇಕಾದ ಹಾಗೆ ಬಳಸಿಕೊಳ್ಳಲಿ ಅಂತ. 2000ದಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 2000 ತಂದಾಗ ಲಾಗಿನ್‌ಗೆ ಕರ್ಬರೋಸ್ ಅನ್ನೇ ಆರಿಸಿಕೊಂಡಿತು. ಬಳಕೆದಾರರು ಯಾವ ಯಾವ ಗುಂಪಿನಲ್ಲಿದ್ದಾರೆ ಅನ್ನುವುದನ್ನು ಆ ಖಾಲಿ ಜಾಗದಲ್ಲಿ ತನ್ನದೇ ರೀತಿಯಲ್ಲಿ ತುಂಬಿತು.

ನಿಯಮದ ಪ್ರಕಾರ ಇದರಲ್ಲಿ ತಪ್ಪೇನಿಲ್ಲ. ಆದರೆ ಪರಿಣಾಮ ನೋಡಿ. ಯೂನಿಕ್ಸ್ ಯಂತ್ರ ವಿಂಡೋಸ್ ಸರ್ವರ್‌ನಿಂದ ಟಿಕೆಟ್ ಪಡೆಯಬಹುದಿತ್ತು. ಯೂನಿಕ್ಸ್ ಸರ್ವರ್ ಕೊಟ್ಟ ಟಿಕೆಟ್‌ನಲ್ಲಿ ಮಾತ್ರ ವಿಂಡೋಸ್‌ಗೆ ಬೇಕಾದ ಗುಂಪಿನ ವಿವರ ಇರುತ್ತಿರಲಿಲ್ಲ. ಅಂದರೆ ಇಡೀ ಕಚೇರಿಯ ಲಾಗಿನ್ ನೋಡಿಕೊಳ್ಳುವ ಡೊಮೇನ್ ಕಂಟ್ರೋಲರ್‌ನ ಜಾಗಕ್ಕೆ ಬೇರೆಯವರು ಬರುವ ಹಾಗಿರಲಿಲ್ಲ. ಆ ಜಾಗದಲ್ಲಿ ಏನು ತುಂಬಿದ್ದೇವೆ ಅಂತ ಕಂಪನಿ ಅದೇ ವರ್ಷ ಪ್ರಕಟಿಸಿದ್ದೇನೋ ಹೌದು. ಆದರೆ ಇದು ವ್ಯಾಪಾರದ ಗುಟ್ಟು ಅಂತ ಒಪ್ಪಿಕೊಂಡವರು ಮಾತ್ರ ಓದಬೇಕು ಅನ್ನುವ ಷರತ್ತು ಹಾಕಿತು. ಓದಿದರೆ ಅದನ್ನು ಬಳಸಿ ಕೋಡ್ ಬರೆಯುವ ಹಾಗಿಲ್ಲ, ಓದದಿದ್ದರೆ ಬರೆಯಲು ಬರುವುದಿಲ್ಲ! ಇಷ್ಟಾದರೂ ಟೆಂಡರ್ ಕಾಲಂನಲ್ಲಿ ‘ಕರ್ಬರೋಸ್: ಹೌದು’ ಅಂತ ಬರೆದರೆ ಅದು ಸುಳ್ಳೇನಲ್ಲ.

ಈ ಜಗಳ ಯುರೋಪಿನಲ್ಲಿ ದೊಡ್ಡದಾಯಿತು. ಬೇಕಾದ ಮಾಹಿತಿ ಕೊಡುತ್ತಿಲ್ಲ ಅಂತ ಸರ್ವರ್ ತಯಾರಿಸುತ್ತಿದ್ದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ವಿಂಡೋಸ್ 2000 ಬರುವ ಮುಂಚೆಯೇ, 1998ರ ಡಿಸೆಂಬರ್‌ನಲ್ಲಿ, ಮೈಕ್ರೋಸಾಫ್ಟ್ ವಿರುದ್ಧ ಯುರೋಪಿಯನ್ ಕಮಿಷನ್‌ಗೆ (ಯುರೋಪಿಯನ್ ಒಕ್ಕೂಟದ ಆಡಳಿತ ಸಂಸ್ಥೆಗೆ) ದೂರು ಕೊಟ್ಟಿತ್ತು. ಕಮಿಷನ್ 2004ರ ಮಾರ್ಚ್ 24ರಂದು ತೀರ್ಮಾನ ಕೊಟ್ಟಿತು: 49.7 ಕೋಟಿ ಯೂರೋ ದಂಡ, ಜೊತೆಗೆ ಬೇರೆಯವರ ಸರ್ವರ್‌ಗಳು ವಿಂಡೋಸ್ ಜೊತೆ ಸರಿಯಾಗಿ ಮಾತಾಡಲು ಬೇಕಾದ ಮಾಹಿತಿಯನ್ನು 120 ದಿನಗಳಲ್ಲಿ ಕೊಡಬೇಕು. ಆ ತೀರ್ಮಾನದಲ್ಲಿ ಚರ್ಚೆಯಾದ ಸೇವೆಗಳು ಯಾವುವು ಗೊತ್ತೇ? ಕಡತ, ಪ್ರಿಂಟ್, ಬಳಕೆದಾರರ ಮತ್ತು ಗುಂಪುಗಳ ನಿರ್ವಹಣೆ. ನಮ್ಮ ತಾಲ್ಲೂಕು ಕಚೇರಿಗೆ ಸರ್ವರ್ ಯಾತಕ್ಕೆ ಬೇಕು ಅಂತ ಕೇಳಿದರೂ ಇದೇ ಮೂರು ಉತ್ತರ ಬರುತ್ತದೆ.

120 ದಿನ ಅಂದದ್ದು ವರ್ಷಗಟ್ಟಲೆ ಎಳೆಯಿತು. 2006ರಲ್ಲಿ ಇನ್ನೂ 28 ಕೋಟಿ ಯೂರೋ ದಂಡ. 2007ರ ಸೆಪ್ಟೆಂಬರ್ 17ರಂದು ಕೋರ್ಟ್ ಕೂಡ ಕಮಿಷನ್ ಹೇಳಿದ್ದರ ಮುಖ್ಯ ಭಾಗವನ್ನು ಎತ್ತಿಹಿಡಿಯಿತು. 2008ರಲ್ಲಿ ಮತ್ತೆ 89.9 ಕೋಟಿ ದಂಡ. ಇದನ್ನು ಕೋರ್ಟ್ ಆಮೇಲೆ 86 ಕೋಟಿಗೆ ಇಳಿಸಿತು. ಈ ನಡುವೆ ಕಂಪನಿ ಬಗ್ಗಿತು. 2007ರ ಡಿಸೆಂಬರ್‌ನಲ್ಲಿ ವಿಂಡೋಸ್ ಸರ್ವರ್‌ನ ಕೆಲಸ ಮಾಡುವ ಮುಕ್ತ ತಂತ್ರಾಂಶ ಸಾಂಬಾದ ತಂಡದವರಿಗೆ ಪ್ರೋಟೋಕಾಲ್ (ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ನಿಯಮ) ದಾಖಲೆಗಳು ಸಿಕ್ಕವು, ಒಂದೇ ಸಲ ಕಟ್ಟುವ ಹತ್ತು ಸಾವಿರ ಯೂರೋ ಶುಲ್ಕಕ್ಕೆ. 2008ರ ಫೆಬ್ರವರಿಯಲ್ಲಿ ಮೂವತ್ತು ಸಾವಿರ ಪುಟಕ್ಕೂ ಮಿಕ್ಕ ದಾಖಲೆಗಳನ್ನು ಕಂಪನಿ ಎಲ್ಲರಿಗೂ ಪುಕ್ಕಟೆ ತೆರೆದಿಟ್ಟಿತು.

ಸಾಂಬಾ ಬಗ್ಗೆ ಎರಡು ಮಾತು ಹೇಳಲೇಬೇಕು. ಆಂಡ್ರ್ಯೂ ಟ್ರಿಜೆಲ್ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಗ, ಅಂದರೆ 1992ರ ಹೊತ್ತಿಗೆ, ಶುರು ಮಾಡಿದ ಕೆಲಸ ಇದು. ನೆಟ್‌ವರ್ಕ್‌ನಲ್ಲಿ ಓಡಾಡುವ ಪ್ಯಾಕೆಟ್‌ಗಳನ್ನು ಹಿಡಿದು, ಈ ಬೈಟ್‌ಗೆ ಏನು ಅರ್ಥ, ಆ ಬೈಟ್‌ಗೆ ಏನು ಅರ್ಥ ಅಂತ ಊಹಿಸಿ ಬರೆದದ್ದು. ದಾಖಲೆ ಕೈಗೆ ಬಂದ ಮೇಲೂ ಆಕ್ಟಿವ್ ಡೈರೆಕ್ಟರಿಯ (ವಿಂಡೋಸ್‌ನ ಡೈರೆಕ್ಟರಿಯ) ಡೊಮೇನ್ ಕಂಟ್ರೋಲರ್ ಆಗಬಲ್ಲ ಸಾಂಬಾ 4.0 ಬರುವಷ್ಟರಲ್ಲಿ 2012ರ ಡಿಸೆಂಬರ್ ಆಗಿತ್ತು. ಸನ್ ದೂರು ಕೊಟ್ಟು ಹದಿನಾಲ್ಕು ವರ್ಷ. ದೂರು ಕೊಟ್ಟ ಸನ್ ಕಂಪನಿಯೇ ಅಷ್ಟರಲ್ಲಿ ಒರಾಕಲ್ ಪಾಲಾಗಿತ್ತು.

ಇಷ್ಟು ಹಳೆಯ ಕಥೆ ಯಾಕೆ ಹೇಳಿದೆ ಅಂದರೆ, ಮಾಹಿತಿ ತೆರೆದುಕೊಂಡಿರುವುದರ ಲಾಭ ನಮ್ಮ ಕೈಗೆ ಬಂದಾಗಿದೆ, ಆದರೆ ನಾವು ಅದನ್ನು ಬಳಸುತ್ತಿಲ್ಲ. ಪಾಸ್‌ವರ್ಡ್‌ನ ವಿಷಯವನ್ನೇ ತೆಗೆದುಕೊಳ್ಳಿ.

ಡೈರೆಕ್ಟರಿ ಬದಲಾಯಿಸಬೇಕು ಅಂದಾಗ ಎಲ್ಲರೂ ಹೇಳುವುದು ‘ಎಲ್‌ಡಿಐಎಫ್ ಫೈಲ್ ತೆಗೆದುಕೊಡ್ತೀವಿ’ ಅಂತ. ಎಲ್‌ಡ್ಯಾಪ್ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಮಾನದಂಡ, ಎಲ್‌ಡಿಐಎಫ್ ಅದರ ಮಾಹಿತಿಯನ್ನು ಸಾದಾ ಅಕ್ಷರಗಳಲ್ಲಿ ಬರೆದಿಡುವ ಮುಕ್ತ ರೂಪ. ಆ ಫೈಲ್‌ನಲ್ಲಿ ಹೆಸರು ಬರುತ್ತದೆ, ಹುದ್ದೆ ಬರುತ್ತದೆ, ಗುಂಪು ಬರುತ್ತದೆ. ಪಾಸ್‌ವರ್ಡ್ ಬರುವುದಿಲ್ಲ. ಆಕ್ಟಿವ್ ಡೈರೆಕ್ಟರಿಯಲ್ಲಿ ಎಲ್‌ಡ್ಯಾಪ್ ಮೂಲಕ ಪಾಸ್‌ವರ್ಡ್ ಬದಲಾಯಿಸಬಹುದೇ ಹೊರತು ಅದರ ಹ್ಯಾಶ್ ಅನ್ನು (ಪಾಸ್‌ವರ್ಡ್ ಬದಲು ಸರ್ವರ್ ಇಟ್ಟುಕೊಳ್ಳುವ ಗುಪ್ತರೂಪವನ್ನು) ಓದಲು ಬರುವುದಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯೇ. ಆದರೆ ಸಾವಿರಾರು ನೌಕರರಿರುವ ಇಲಾಖೆಯಲ್ಲಿ ಒಂದೇ ದಿನ ಎಲ್ಲರ ಪಾಸ್‌ವರ್ಡ್ ಬದಲಿಸಬೇಕು ಅಂದರೆ ಯಾರು ಒಪ್ಪುತ್ತಾರೆ? ‘ಈ ಗೋಜೇ ಬೇಡ, ಹಳೆಯದನ್ನೇ ಮುಂದುವರಿಸಿ’ ಅಂತ ಕಡತದಲ್ಲಿ ಟಿಪ್ಪಣಿ ಬೀಳುತ್ತದೆ. ಅಲ್ಲಿಗೆ ನಮ್ಮ ಜುಟ್ಟು ಅವರ ಕೈಯಲ್ಲಿ.

ಇದಕ್ಕೆ ದಾರಿ ಇದೆ. ಒಂದು ಡೊಮೇನ್ ಕಂಟ್ರೋಲರ್ ಇನ್ನೊಂದಕ್ಕೆ ತನ್ನ ಮಾಹಿತಿಯನ್ನೆಲ್ಲ ಹ್ಯಾಶ್ ಸಮೇತ ಕೊಡುವ ಪ್ರೋಟೋಕಾಲ್ ಈಗ ತೆರೆದ ದಾಖಲೆ. ಅದನ್ನು ಬಳಸಿಕೊಂಡು ಸಾಂಬಾ ಸರ್ವರ್ ವಿಂಡೋಸ್ ಡೊಮೇನ್‌ಗೆ ಸೇರಿಕೊಳ್ಳಬಹುದು, ಎಲ್ಲ ಖಾತೆಗಳನ್ನೂ ಎಳೆದುಕೊಳ್ಳಬಹುದು, ಆಮೇಲೆ ಹಳೆಯದನ್ನು ನಿಲ್ಲಿಸಬಹುದು. ನೌಕರರಿಗೆ ಮರುದಿನ ಅದೇ ಪಾಸ್‌ವರ್ಡ್. ಎಲ್ಲ ಕಡೆ ಇದು ಸಲೀಸಾಗಿ ನಡೆಯುತ್ತದೆ ಅಂತ ನಾನು ಹೇಳುತ್ತಿಲ್ಲ. ವಿಂಡೋಸ್‌ನ ಹೊಸ ಸೌಲಭ್ಯಗಳೆಲ್ಲ ಸಾಂಬಾದಲ್ಲಿ ಇಲ್ಲ, ಕೆಲವು ಆವೃತ್ತಿಗಳ ನಡುವೆ ಕಿರಿಕಿರಿ ಇದ್ದೇ ಇದೆ. ಅದಕ್ಕೇ ಕೊಳ್ಳುವ ಮುಂಚೆ ಮಾಡಿ ನೋಡಿ ಅನ್ನುವುದು. ಐದು ವರ್ಷ ಆದ ಮೇಲೆ ಗೊತ್ತಾಗುವುದಕ್ಕಿಂತ ಮೊದಲ ವಾರವೇ ಗೊತ್ತಾಗಲಿ.

ಈಗ ಕನ್ನಡಕ್ಕೆ ಬರುತ್ತೇನೆ. ನಮ್ಮ ಟೆಂಡರ್‌ಗಳಲ್ಲಿ ಕನ್ನಡ ಬೆಂಬಲ ಅಂದರೆ ಪರದೆಯ ಮೇಲೆ ಕನ್ನಡ ಕಂಡರೆ ಸಾಕು ಅನ್ನುವ ಹಾಗಿರುತ್ತದೆ. ಸರ್ವರ್‌ನ ಸೇವೆಗಳಲ್ಲಿ ಕನ್ನಡ ಹೇಗೆ ನಡೆಯುತ್ತದೆ ಅಂತ ನೋಡುವವರು ಕಡಿಮೆ.

ಎಲ್‌ಡ್ಯಾಪ್‌ನ ಮೂರನೇ ಆವೃತ್ತಿ ಶುರುವಿನಿಂದಲೂ ಎಲ್ಲ ಭಾಷೆಯ ಅಕ್ಷರಗಳನ್ನೂ ಬರೆಯಬಲ್ಲ ಯುಟಿಎಫ್-8 ಬಳಸುತ್ತದೆ. ಅಂದರೆ ನೌಕರರ ಹೆಸರನ್ನು ಕನ್ನಡದಲ್ಲೇ ಡೈರೆಕ್ಟರಿಗೆ ಹಾಕಬಹುದು. ಎಲ್‌ಡಿಐಎಫ್ ತೆಗೆದಾಗ ಅದು ಬೈಟ್‌ಗಳನ್ನು ಇಂಗ್ಲಿಷ್ ಅಕ್ಷರ, ಅಂಕಿಗಳಾಗಿ ಬರೆಯುವ ಬೇಸ್-64 ರೂಪದಲ್ಲಿ ಬರುತ್ತದೆ, ನೋಡಿದರೆ ಕಲಸುಮೇಲೋಗರ. ಆದರೆ ಕಣ್ಣು ಪಳಗಿದವರಿಗೆ ಅದರಲ್ಲೂ ಕನ್ನಡ ಕಾಣುತ್ತದೆ. ಒಂದು ಕನ್ನಡ ಅಕ್ಷರ ಅಥವಾ ಚಿಹ್ನೆ ಮೂರು ಬೈಟ್, ಬೇಸ್-64ರಲ್ಲಿ ಅದು ನಾಲ್ಕು ಅಕ್ಷರ. ಒಂದೇ ಪದದ ಹೆಸರಾದರೆ ಪ್ರತಿ ನಾಲ್ಕರ ಕಂತೆಯೂ ‘4, ಎಲ್, ಕೆ’ ಅಥವಾ ‘4, ಎಲ್, ಓ’ ಅಂತಲೇ ಶುರುವಾಗುತ್ತದೆ. ‘ಕ’ ಅಕ್ಷರ ‘4, ಎಲ್, ಕೆ, ವಿ’ ಆಗುತ್ತದೆ. ಸಾಗಿಸಿದ ಫೈಲ್‌ನಲ್ಲಿ ಈ ಕಂತೆಗಳ ಬದಲು ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ ಇದ್ದರೆ ದಾರಿಯಲ್ಲಿ ಎಲ್ಲೋ ಕನ್ನಡ ಹೋಯಿತು ಅಂತ ತಿಳಿಯಿರಿ. ಈ ಪರೀಕ್ಷೆಗೆ ಒಂದು ರೂಪಾಯಿ ಖರ್ಚಿಲ್ಲ.

ಮೇಲ್ ಕೂಡ ಹಾಗೇ. ‘.ಭಾರತ’ ಅನ್ನುವ ಕನ್ನಡದ ಡೊಮೇನ್ ಇದೆ. ಅದರ ಜೊತೆ ಕನ್ನಡ ಲಿಪಿಯ ಇಮೇಲ್ ವಿಳಾಸ ನಡೆಯಬೇಕಾದರೆ ಮೇಲ್ ಸರ್ವರ್‌ಗೆ ಎಸ್‌ಎಂಟಿಪಿ-ಯುಟಿಎಫ್8 ಅನ್ನುವ ವಿಸ್ತರಣೆ ಗೊತ್ತಿರಬೇಕು. ಇದು 2012ರ ಆರ್‌ಎಫ್‌ಸಿ 6531. ಪೋಸ್ಟ್‌ಫಿಕ್ಸ್ ಅನ್ನುವ ಮೇಲ್ ಸರ್ವರ್ 2015ರ 3.0 ಆವೃತ್ತಿಯಲ್ಲೇ ಇದನ್ನು ತಂದಿದೆ. ನಿಮ್ಮ ಸರ್ವರ್‌ನಲ್ಲಿ ಇದೆಯೋ ಇಲ್ಲವೋ ನೋಡಲು ಕಂಪನಿಯವರನ್ನು ಕೇಳುವುದೂ ಬೇಡ. ಟೆಲ್ನೆಟ್ ಅನ್ನುವ ಪ್ರೋಗ್ರಾಂನಲ್ಲಿ ಮೇಲ್ ಸರ್ವರ್‌ನ 25ನೇ ಪೋರ್ಟ್‌ಗೆ ಹೋಗಿ, ‘ಇಎಚ್‌ಎಲ್‌ಒ’ ಅಂತ ಟೈಪ್ ಮಾಡಿ, ಒಂದು ಹೆಸರು ಕೊಟ್ಟು ಎಂಟರ್ ಒತ್ತಿ. 250 ಅಂತ ಶುರುವಾಗುವ ಸಾಲುಗಳು ಒಂದರ ಕೆಳಗೊಂದು ಬೀಳುತ್ತವೆ. ತನಗೆ ಏನೇನು ಬರುತ್ತದೆ ಅಂತ ಸರ್ವರ್ ತಾನೇ ಹೇಳಿಕೊಳ್ಳುವುದು ಅದು. ಆ ಸಾಲುಗಳಲ್ಲಿ ಎಸ್‌ಎಂಟಿಪಿ-ಯುಟಿಎಫ್8 ಇಲ್ಲದಿದ್ದರೆ ಕನ್ನಡ ವಿಳಾಸಕ್ಕೆ ಹೋಗಬೇಕಾದ ಮೇಲ್ ಅಲ್ಲಿಂದ ಮುಂದೆ ಹೋಗುವುದಿಲ್ಲ. ಬ್ರೋಷರ್ ಮೂಗಿಗೆ ತುಪ್ಪ ಸವರಬಹುದು, ಈ ಸಾಲುಗಳು ಸವರುವುದಿಲ್ಲ.

ಮುಕ್ತ ತಂತ್ರಾಂಶವೇ ಎಲ್ಲಕ್ಕೂ ಮದ್ದು ಅಂತ ವಾದ ಮಾಡಲು ನಾನು ಈ ಪತ್ರ ಬರೆಯುತ್ತಿಲ್ಲ. ಲಿನಕ್ಸ್‌ನ ಒಂದು ತೊಂದರೆಯನ್ನೂ ಹೇಳಿಬಿಡುತ್ತೇನೆ. ವಿಂಡೋಸ್ ಡಿಸ್ಕ್‌ನಲ್ಲಿ ಫೈಲ್ ಇಡುವ ಎನ್‌ಟಿಎಫ್‌ಎಸ್ ವ್ಯವಸ್ಥೆಯಲ್ಲಿ ಫೈಲ್ ಹೆಸರು 255 ಅಕ್ಷರದವರೆಗೆ ಇರಬಹುದು. ಲಿನಕ್ಸ್‌ನ ಇಎಕ್ಸ್‌ಟಿ4ನಲ್ಲಿ ಮಿತಿ 255 ಬೈಟ್. ಇಂಗ್ಲಿಷ್‌ಗೆ ಎರಡೂ ಒಂದೇ. ಕನ್ನಡಕ್ಕೆ ಮೂರು ಬೈಟ್ ಲೆಕ್ಕದಲ್ಲಿ 85ಕ್ಕೇ ಮುಗಿಯಿತು. ಒತ್ತು, ಕೊಂಬು, ಏತ್ವ ಎಲ್ಲವೂ ಬೇರೆ ಬೇರೆ ಲೆಕ್ಕ: ‘ಸುತ್ತೋಲೆ’ ಅನ್ನುವ ಪುಟ್ಟ ಪದಕ್ಕೆ 24 ಬೈಟ್. ನಮ್ಮ ಕಚೇರಿಗಳಲ್ಲಿ ಆದೇಶದ ಇಡೀ ವಿಷಯವನ್ನೇ ಫೈಲ್ ಹೆಸರಾಗಿ ಕೊಡುವ ರೂಢಿ ಇದೆಯಲ್ಲ, ‘ಕುರಿತು’ ಬರುವವರೆಗೆ! ಅಂಥ ಫೋಲ್ಡರ್ ಅನ್ನು ಲಿನಕ್ಸ್ ಸರ್ವರ್‌ಗೆ ಕಾಪಿ ಮಾಡಿದರೆ ಕೆಲವು ಫೈಲ್‌ಗಳು ಹೆಸರು ಉದ್ದವಾಯಿತು ಅಂತ ನಿಂತುಬಿಡುತ್ತವೆ. ಕಾಪಿ ಆಗದೆ ಉಳಿದದ್ದು ಯಾವುದು ಅಂತ ಹುಡುಕುವುದು ದೊಡ್ಡ ಗೋಳು. ಸಾಗಿಸಿ ನೋಡುವ ಪರೀಕ್ಷೆ ಎರಡೂ ದಿಕ್ಕಿಗೆ ಬೇಕು ಅನ್ನುವುದು ಇದಕ್ಕೇ.

ಇನ್ನು ಮೂಲೆಯಲ್ಲಿರುವ ಜೆರಾಕ್ಸ್ ಯಂತ್ರ. ಇದನ್ನು ಯಾವ ಸರ್ವರ್ ಟೆಂಡರ್‌ನಲ್ಲೂ ಯಾರೂ ನೆನೆಯುವುದಿಲ್ಲ. ನಾನು ಕೆಲಸ ಮಾಡಿದ ಒಂದು ಕಡೆ, ಎಲ್ಲಿ ಅಂತ ಬೇಡ, ಸ್ಕ್ಯಾನ್ ಮಾಡಿದ್ದನ್ನು ಸರ್ವರ್ ಫೋಲ್ಡರ್‌ಗೆ ಕಳಿಸುವ ಯಂತ್ರಕ್ಕೆ ಎಸ್‌ಎಂಬಿಯ ಮೊದಲ ಆವೃತ್ತಿ ಬಿಟ್ಟು ಬೇರೆ ಬರುತ್ತಿರಲಿಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನುವ ಕುತಂತ್ರಾಂಶ ಹರಡಿದ್ದು ಇದೇ ಹಳೆಯ ಆವೃತ್ತಿಯ ಹುಳುಕಿನಿಂದ. ಆಮೇಲೆ ಬಂದ ವಿಂಡೋಸ್‌ನಲ್ಲೂ ಸಾಂಬಾದಲ್ಲೂ ಅದು ತಾನಾಗಿ ಆನ್ ಇರುವುದಿಲ್ಲ. ಆದರೂ ಆ ಒಂದು ಯಂತ್ರಕ್ಕೋಸ್ಕರ ಇಡೀ ಸರ್ವರ್‌ನಲ್ಲಿ ಅದನ್ನು ಆನ್ ಮಾಡಿಡಬೇಕಾಯಿತು. ಯಂತ್ರ ಕೊಟ್ಟವರು ಹೊಸ ಫರ್ಮ್‌ವೇರ್ (ಯಂತ್ರದೊಳಗಿನ ತಂತ್ರಾಂಶ) ಇಲ್ಲ ಅಂತ ಕೈ ಎತ್ತಿದರು. ಪ್ರಿಂಟರ್, ಸ್ಕ್ಯಾನರ್ ಟೆಂಡರ್‌ನಲ್ಲೂ ‘ಎಸ್‌ಎಂಬಿ 3, ಐಪಿಪಿ’ ಅಂತ ಒಂದು ಸಾಲು ಹಾಕಿದರೆ ಈ ತಲೆನೋವೇ ಇರುವುದಿಲ್ಲ.

‘ದೊಡ್ಡ ಕಂಪನಿ, ಎಲ್ಲಿಗೂ ಹೋಗಲ್ಲ’ ಅನ್ನುವ ಮಾತನ್ನು ಪ್ರೀ-ಬಿಡ್ (ಬಿಡ್ ಹಾಕುವ ಮುಂಚಿನ) ಸಭೆಗಳಲ್ಲಿ ಕೇಳಿದ್ದೇನೆ. ಕಂಪನಿ ಹೋಗಬೇಕಾಗಿಲ್ಲ, ಸರಕು ನಿಲ್ಲಿಸಿದರೆ ಸಾಕು. ಆಪಲ್‌ನಷ್ಟು ದೊಡ್ಡ ಕಂಪನಿ 2018ರಲ್ಲಿ ತನ್ನ ಮ್ಯಾಕ್ ಸರ್ವರ್‌ನಿಂದ ಮೇಲ್, ಕ್ಯಾಲೆಂಡರ್, ಡಿಎನ್‌ಎಸ್ ಮುಂತಾದ ಸೇವೆಗಳನ್ನು ಕಳಚಿತು. 2022ರ ಏಪ್ರಿಲ್‌ನಲ್ಲಿ ಸರ್ವರ್ ತಂತ್ರಾಂಶವನ್ನೇ ಮುಚ್ಚಿತು. ಬಳಸುತ್ತಿದ್ದವರಿಗೆ ಕಷ್ಟ ಆಯಿತು, ಆದರೆ ನಡುನೀರಿನಲ್ಲಿ ಮುಳುಗಲಿಲ್ಲ. ಒಳಗೆ ಇದ್ದದ್ದು ಪೋಸ್ಟ್‌ಫಿಕ್ಸ್, ಬೈಂಡ್, ಓಪನ್‌ಎಲ್‌ಡ್ಯಾಪ್ ಅನ್ನುವ ಮುಕ್ತ ತಂತ್ರಾಂಶಗಳೇ. ಕ್ಯಾಲೆಂಡರ್ ಮಾತಾಡುತ್ತಿದ್ದದ್ದು ಕ್ಯಾಲ್‌ಡ್ಯಾವ್ ಅನ್ನುವ ಮುಕ್ತ ಮಾನದಂಡ, ಅಂದರೆ 2007ರ ಆರ್‌ಎಫ್‌ಸಿ 4791. ಬೇರೆ ಸರ್ವರ್ ಹಾಕಿ, ಫೋನ್‌ಗಳಲ್ಲಿ ವಿಳಾಸ ಬದಲಿಸುವುದು ಸಾಧ್ಯವಿತ್ತು. ಮುಕ್ತ ತಂತ್ರಾಂಶದ ಕಡೆಯೂ ಇಂಥದ್ದು ಆಗಿದೆ. 2029ರವರೆಗೆ ಬರುತ್ತದೆ ಅಂದುಕೊಂಡಿದ್ದ ಸೆಂಟ್‌ಒಎಸ್ 8 ಎಂಬ ಲಿನಕ್ಸ್ ಆವೃತ್ತಿಯನ್ನು 2021ರ ಕೊನೆಗೇ ನಿಲ್ಲಿಸುತ್ತೇವೆ ಅಂತ ರೆಡ್ ಹ್ಯಾಟ್ ಕಂಪನಿ 2020ರ ಡಿಸೆಂಬರ್‌ನಲ್ಲಿ ಹೇಳಿತು. ಬಹಳ ಜನ ಆಲ್ಮಾ, ರಾಕಿ ಲಿನಕ್ಸ್‌ಗಳಿಗೆ ಹೊರಟರು. ಸೋರ್ಸ್ ಕೋಡ್ ತೆರೆದಿರುವುದು ಒಂದು ವಿಷಯ, ಬೇರೆ ಕಡೆ ಹೋಗಲು ದಾರಿ ಇರುವುದು ಇನ್ನೊಂದು. ಟೆಂಡರ್‌ನಲ್ಲಿ ಇವೆರಡನ್ನೂ ಒಂದೇ ಸಾಲಿನಲ್ಲಿ ಸೇರಿಸಿ ಬರೆಯಬೇಡಿ.

ಇದೆಲ್ಲ ಹೊಸ ಬೇಡಿಕೆಯೂ ಅಲ್ಲ. ಇ-ಆಡಳಿತಕ್ಕೆ ಮುಕ್ತ ಮಾನದಂಡಗಳ ನೀತಿಯನ್ನು ಕೇಂದ್ರ ಸರ್ಕಾರ 2010ರ ನವೆಂಬರ್‌ನಲ್ಲೇ ಹೊರಡಿಸಿದೆ. ಮಾನದಂಡದ ದಾಖಲೆ ಪುಕ್ಕಟೆ ಅಥವಾ ಅಲ್ಪ ಬೆಲೆಗೆ ಸಿಗಬೇಕು, ಅದರ ಮೇಲಿನ ಪೇಟೆಂಟ್‌ಗೆ ರಾಯಧನ ಕೇಳಬಾರದು, ಅದನ್ನು ಲಾಭಕ್ಕಾಗಿ ನಡೆಯದ ಸಂಸ್ಥೆ ನೋಡಿಕೊಳ್ಳಬೇಕು, ಬೇಕಾದ ಕಡೆ ಭಾರತೀಯ ಭಾಷೆಗಳಿಗೆ ಹೊಂದಬೇಕು ಅಂತೆಲ್ಲ ಅದರಲ್ಲಿದೆ. ನೀತಿ ಚೆನ್ನಾಗಿದೆ. ಆದರೆ ಅದು ಟೆಂಡರ್‌ಗೆ ಇಳಿಯುವಾಗ ‘ಬೆಂಬಲಿಸಬೇಕು’ ಅನ್ನುವ ಒಂದು ಪದ ಆಗಿಬಿಡುತ್ತದೆ.

ಹಾಗಾದರೆ ಏನು ಬರೆಯಬೇಕು? ಮೊದಲು, ಉತ್ಪನ್ನದ ಹೆಸರು ಬರೆದು ‘ಅಥವಾ ಸಮಾನವಾದ’ ಅಂತ ಸೇರಿಸುವುದನ್ನು ಬಿಡಿ. ಯಾವುದಕ್ಕೆ ಸಮಾನ ಅಂತ ಅಳೆಯುವುದು ಯಾರು? ‘ಎಲ್‌ಡ್ಯಾಪ್, ಆರ್‌ಎಫ್‌ಸಿ 4511’, ‘ಕರ್ಬರೋಸ್, ಆರ್‌ಎಫ್‌ಸಿ 4120’ ಅಂತ ಸಂಖ್ಯೆ ಸಮೇತ ಬರೆಯಿರಿ. ಮಾನದಂಡಕ್ಕೆ ಕಂಪನಿ ಸ್ವಂತದ್ದೇನಾದರೂ ಸೇರಿಸಿದ್ದರೆ ಅದರ ದಾಖಲೆಯನ್ನೂ ಷರತ್ತಿಲ್ಲದೆ ಕೊಡಬೇಕು ಅಂತ ಸೇರಿಸಿ. ಕರ್ಬರೋಸ್‌ನ ಆ ಖಾಲಿ ಜಾಗ ನೆನಪಿರಲಿ.

ಆಮೇಲೆ ಸಾಗಿಸುವ ಪರೀಕ್ಷೆ. ಐವತ್ತು ಖಾತೆ ಸಾಕು. ಅದರಲ್ಲಿ ಅರ್ಧ ಹೆಸರು ಕನ್ನಡದಲ್ಲಿರಲಿ. ಉದ್ದುದ್ದ ಕನ್ನಡ ಹೆಸರಿನ ಫೈಲ್‌ಗಳಿರುವ ಒಂದು ಫೋಲ್ಡರ್, ಒಂದಷ್ಟು ಮೇಲ್, ಒಂದು ಕ್ಯಾಲೆಂಡರ್. ಇಷ್ಟನ್ನೂ ಬೇರೊಬ್ಬರ ಸರ್ವರ್‌ಗೆ ಸಾಗಿಸಿ, ಹಳೆಯ ಪಾಸ್‌ವರ್ಡ್‌ನಲ್ಲೇ ಲಾಗಿನ್ ಮಾಡಿ ತೋರಿಸಲಿ. ತೋರಿಸಲು ಆಗದ ಸೇವೆ ಯಾವುದು ಅಂತ ಬರೆದು ಸಹಿ ಮಾಡಲಿ. ಆಗಲಿಲ್ಲ ಅಂತ ಬಿಡ್ ತಳ್ಳಿಹಾಕಬೇಕು ಅಂತೇನೂ ಇಲ್ಲ. ಆದರೆ ಮುಂದೆ ಬಿಟ್ಟು ಬರಲು ತಗಲುವ ಖರ್ಚನ್ನು ಇವತ್ತಿನ ಬೆಲೆಗೆ ಸೇರಿಸಿ ಹೋಲಿಸಿ. ಕಡಿಮೆ ದರದ ಬಿಡ್ ಎಷ್ಟು ಕಡಿಮೆ ಅಂತ ಆಗ ಗೊತ್ತಾಗುತ್ತದೆ.

ಡೊಮೇನ್ ಅಡ್ಮಿನ್ ಪಾಸ್‌ವರ್ಡ್ ಇಲಾಖೆಯ ಹತ್ತಿರವೇ ಇರಲಿ, ಗುತ್ತಿಗೆದಾರರ ಹುಡುಗನ ಫೋನ್‌ನಲ್ಲಿ ಬೇಡ. ಇದನ್ನು ಜಾಸ್ತಿ ವಿವರಿಸಬೇಕಿಲ್ಲ ಅಂದುಕೊಂಡಿದ್ದೇನೆ.

‘ಇಂಥ ಪರೀಕ್ಷೆಗೆ ಯಾವ ಕಂಪನಿ ಬರುತ್ತೆ ಸಾರ್?’ ಅಂತ ನೀವು ಕೇಳಬಹುದು. ಹುಚ್ಚು ಬಿಡೋವರೆಗೆ ಮದುವೆ ಆಗಲ್ಲ, ಮದುವೆ ಆಗೋವರೆಗೆ ಹುಚ್ಚು ಬಿಡಲ್ಲ. ಕೇಳುವವರಿಲ್ಲ ಅಂತ ಅವರು ತಯಾರಾಗುವುದಿಲ್ಲ, ತಯಾರಾದವರಿಲ್ಲ ಅಂತ ನಾವು ಕೇಳುವುದಿಲ್ಲ. ಇಬ್ಬರಲ್ಲಿ ಹಣ ಕೊಡುವವರು ನೀವು. ಮೊದಲು ಕೇಳಬೇಕಾದವರೂ ನೀವೇ.

ಒಂದೇ ಸಲ ಎಲ್ಲ ಇಲಾಖೆಗೂ ಜಾರಿ ಮಾಡಿ ಅಂತ ಹೇಳುತ್ತಿಲ್ಲ. ಮುಂದೆ ಬರುವ ಯಾವುದಾದರೂ ಒಂದು ಸಣ್ಣ ಟೆಂಡರ್‌ನಲ್ಲಿ, ಒಂದು ಜಿಲ್ಲಾ ಕಚೇರಿಯ ಫೈಲ್ ಸರ್ವರ್ ಆದರೂ ಸರಿ, ಇದನ್ನು ಹಾಕಿ ನೋಡಿ. ಕರಡನ್ನು ಪ್ರೀ-ಬಿಡ್ ಸಭೆಗೆ ಎರಡು ವಾರ ಮುಂಚೆ ಸಾರ್ವಜನಿಕವಾಗಿ ಪ್ರಕಟಿಸಿ. ಓದಿ ತಿದ್ದಲು, ಪರೀಕ್ಷೆಯ ದಿನ ಬಂದು ಕೂತು ನೋಡಲು ನನ್ನಂಥ ಅಡ್ಮಿನ್‌ಗಳು ಬೆಂಗಳೂರಿನಲ್ಲೂ ಇದ್ದಾರೆ, ಹುಬ್ಬಳ್ಳಿ, ಮಂಗಳೂರು, ಕಲಬುರಗಿಯಲ್ಲೂ ಇದ್ದಾರೆ. ಸಂಭಾವನೆ ಬೇಡ. ಪರೀಕ್ಷೆಯ ಫಲಿತಾಂಶವನ್ನು ಮಾತ್ರ ಟೆಂಡರ್ ಕಡತದ ಜೊತೆ ಎಲ್ಲರಿಗೂ ಕಾಣುವ ಹಾಗೆ ಹಾಕಿ.

ಇಂತಿ,
ನಿಮ್ಮ ವಿಶ್ವಾಸಿ,
ಒಬ್ಬ ಸಿಸ್ಟಮ್ ಅಡ್ಮಿನ್